ಆಟ ಬಿತ್ತು... ಕೆಡವಿದವರು ಯಾರು?

ಈ ವಾರ ಯಾವ ತಾರೆಯ ಮದುವೆ ಸುದ್ದಿಯೂ ಇಲ್ಲ, ಯಾವ ನಿರ್ಮಾಪಕರ ಜಗಳವೂ ಇಲ್ಲ. ಬೈಯಬೇಡಿ ಮಾರಾಯರೇ! ಪತ್ರಿಕೆ ಮಡಿಚಿ ಬಸ್ಸಿನ ಕಿಟಕಿಗೆ ಸಿಕ್ಕಿಸಿಬಿಡಬೇಡಿ. ಸಾವು ಇದೆ, ಸುಳ್ಳು ಸಾಕ್ಷಿ ಇದೆ, ನಿರಪರಾಧಿಯ ಕೊರಳಿಗೆ ಹಗ್ಗ ಇದೆ, ಕೊನೆಯ ರೀಲಿನಲ್ಲಿ ಮುಖವಾಡ ಕಳಚುವ ಖಳನಾಯಕನೂ ಇದ್ದಾನೆ. ಇಷ್ಟಿದ್ದರೆ ಸಾಲದೇ?

ಒಂದೇ ವ್ಯತ್ಯಾಸ. ಈ ಕಥೆ ನಡೆಯೋದು ಕಂಪ್ಯೂಟರ್ ಡಬ್ಬಿಯ ಒಳಗೆ.

ನನ್ನ ಅಂಚೆ ಚೀಲದ ಗತಿ ಈಗ ಹೀಗಾಗಿದೆ. ಹತ್ತು ಪತ್ರ ಬಂದರೆ ಆರರಲ್ಲಿ "ಸಾರ್, ಆ ಚಿತ್ರ ಯಾವಾಗ ಬಿಡುಗಡೆ?" ಉಳಿದ ನಾಲ್ಕರಲ್ಲಿ "ಸಾರ್, ಗೇಮ್ ಹ್ಯಾಂಗ್ ಆಗ್ತಿದೆ, ಏನ್ ಮಾಡ್ಲಿ?" ಸಿನಿಮಾ ಅಂಕಣಕಾರನಿಗೆ ಇದನ್ನೆಲ್ಲ ಕೇಳೋದು ನ್ಯಾಯವೇ ಅಂತ ನೀವು ಕೇಳಬಹುದು. ಕೇಳಲಿ ಬಿಡಿ. ಫೈಟಿಂಗ್ ನೋಡೋಕೆ ಬರುವ ಹುಡುಗರೇ ಮನೆಗೆ ಹೋಗಿ ಫೈಟಿಂಗ್ ಆಡೋದು. ನನಗೂ ಈ ಡಬ್ಬಿಗಳ ಹುಚ್ಚು ಸ್ವಲ್ಪ ಉಂಟು.

ಅರಸೀಕೆರೆ ಕಡೆಯ ಒಬ್ಬ ತಮ್ಮನ ಪತ್ರ ಮಾತ್ರ ನನ್ನನ್ನು ಎರಡು ದಿನ ಕಾಡಿತು. ಮೊಬೈಲ್ ಅಂಗಡಿಯಲ್ಲಿ ಕೆಲಸ. ಮೂರು ವರ್ಷ ಕಟ್ಟಿದ ಚೀಟಿ ಎತ್ತಿ, ಬೆಂಗಳೂರಿಗೆ ಬಂದು ಅಸೆಂಬಲ್ ಮಾಡಿಸಿದ ಪಿಸಿ. ಇಂಟೆಲ್ ಐ7, 14ನೇ ತಲೆಮಾರಿನ ಪ್ರೊಸೆಸರ್, 12 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡು. ಆಡೋದು ಟೆಕ್ಕನ್ 8, ಅದೂ ಆನ್‌ಲೈನ್‌ನಲ್ಲಿ. ಮೊದಲ ಆರು ತಿಂಗಳು ರಾಜನ ಹಾಗೆ ನಡೆಯಿತಂತೆ. ಆಮೇಲೆ ಒಂದು ದಿನ, ಎದುರಾಳಿ ನೆಲಕ್ಕೆ ಬೀಳಬೇಕು ಅನ್ನುವ ಹೊತ್ತಿಗೆ ಆಟವೇ ಬಿತ್ತು! ಪರದೆಯ ಮೇಲೆ ಒಂದು ಪೆಟ್ಟಿಗೆ. ಅದರಲ್ಲಿ ಇಂಗ್ಲಿಷಿನಲ್ಲಿ, ವಿಡಿಯೊ ಮೆಮೊರಿ ಸಾಲದು, ನಿಮ್ಮ ಕಾರ್ಡಿಗೆ ಬೇಕಾದಷ್ಟು ಮೆಮೊರಿ ಇದೆಯೇ ನೋಡಿಕೊಳ್ಳಿ ಅನ್ನುವ ಉಪದೇಶ. ವಾರಕ್ಕೊಮ್ಮೆ ಬೀಳುತ್ತಿದ್ದದ್ದು ದಿನಕ್ಕೆ ಮೂರು ಸಲ ಆಯಿತು. ಅಂಗಡಿಯವರನ್ನು ಕೇಳಿದರೆ, "ಮೆಸೇಜ್‌ನಲ್ಲೇ ಬರೆದಿದೆಯಲ್ಲಪ್ಪಾ, ಕಾರ್ಡ್ ಚಿಕ್ಕದಾಯ್ತು, 16 ಜಿಬಿದು ಹಾಕ್ಸು" ಅಂದರಂತೆ. ಇನ್ನೊಂದು ಚೀಟಿ ಎತ್ತಲೇ ಸಾರ್ ಅಂತ ಕೇಳಿದ್ದಾನೆ.

ಎತ್ತಬೇಡ ತಮ್ಮಾ! ಕೈ ತಡಿ.

ಯಾಕೆ ಅಂತ ಹೇಳುವ ಮುಂಚೆ ನಿಮಗೆಲ್ಲ ಒಂದು ಮಾತು. ನಾವು ಟಾಕೀಸಿನಲ್ಲಿ ನೋಡುವ ಚಿತ್ರ ಸೆಕೆಂಡಿಗೆ 24 ಫ್ರೇಮ್. ಆ ಫ್ರೇಮ್‌ಗಳೆಲ್ಲ ಎಂದೋ ಶೂಟ್ ಆಗಿ, ಸಿದ್ಧವಾಗಿ ಕೂತಿರುತ್ತವೆ. ಆಪರೇಟರ್ ಓಡಿಸಿದರೆ ಸಾಕು. ಆಟ ಹಾಗಲ್ಲ. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದರೆ ಒಂದೊಂದು ಫ್ರೇಮಿಗೆ ಸಿಗೋದು ಸೆಕೆಂಡಿನ ಅರವತ್ತನೇ ಒಂದು ಭಾಗ. ಅಷ್ಟರೊಳಗೆ ನೀವು ಒತ್ತಿದ ಗುಂಡಿ ಯಾವುದು, ಅತ್ತ ಇನ್ನೊಂದು ಊರಿನ ಹುಡುಗ ಒತ್ತಿದ್ದು ಯಾವುದು, ಯಾರ ಕಾಲು ಯಾರ ದವಡೆಗೆ ತಾಗಿತು, ಬೆಳಕು ಎಲ್ಲಿ ಬಿತ್ತು, ಎಲ್ಲ ಲೆಕ್ಕ ಆಗಬೇಕು. ಚಿತ್ರಕಥೆ, ಶೂಟಿಂಗು, ಎಡಿಟಿಂಗು, ಪ್ರೊಜೆಕ್ಷನ್ನು, ನಾಲ್ಕೂ ಏಕಕಾಲಕ್ಕೆ! ಪ್ರೊಸೆಸರ್ ನಿರ್ದೇಶಕ, ಗ್ರಾಫಿಕ್ಸ್ ಕಾರ್ಡು ಛಾಯಾಗ್ರಾಹಕ, ರ‍್ಯಾಮ್ ಸೆಟ್ಟಿನ ಹುಡುಗರು, ಎಸ್‌ಎಂಪಿಎಸ್ ಜನರೇಟರ್ ವ್ಯಾನು. ಒಬ್ಬ ಕೈ ಕೊಟ್ಟರೂ ಶೂಟಿಂಗ್ ಪ್ಯಾಕಪ್.

ಪ್ಯಾಕಪ್ ಆದಾಗ ಪರದೆಯ ಮೇಲೆ ಬರುವ ಸಂದೇಶ ಏನು ಹೇಳುತ್ತೆ ಗೊತ್ತೇ? ಯಾರು *ಬಿದ್ದರು* ಅಂತ. ಯಾರು *ತಳ್ಳಿದರು* ಅಂತ ಅಲ್ಲ. ಹಳೆಯ ಪತ್ತೇದಾರಿ ಚಿತ್ರಗಳಲ್ಲಿ ಹೆಣದ ಪಕ್ಕ ಚಾಕು ಹಿಡಿದು ನಿಂತವನನ್ನು ಪೊಲೀಸರು ಹಿಡಿದುಕೊಂಡು ಹೋಗ್ತಾರಲ್ಲ, ಅದೇ ಕಥೆ. ಗಾಂಧಿ ಕ್ಲಾಸಿನಲ್ಲಿ ಕೂತವನಿಗೂ ಗೊತ್ತು, ಅವನು ಅಪರಾಧಿ ಅಲ್ಲ ಅಂತ. ಆದರೆ ಪಿಸಿ ಅಂಗಡಿಯಲ್ಲಿ ಮಾತ್ರ ನಾವು ಆ ಪೊಲೀಸರನ್ನು ನಂಬಿ ದುಡ್ಡು ಎಣಿಸಿ ಕೊಡ್ತೀವಿ!

ಈಗ ಮುಖ್ಯ ಕಥೆಗೆ ಬರೋಣ.

ಇಂಟೆಲ್ ಕಂಪನಿಯ 13ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಬಂದದ್ದು 2022ರ ಅಕ್ಟೋಬರಿನಲ್ಲಿ. 14ನೆಯದು 2023ರ ಅಕ್ಟೋಬರಿನಲ್ಲಿ. ವೇಗ ಅಂದರೆ ವೇಗ! ಪತ್ರಿಕೆಗಳು ಹೊಗಳಿದವು, ಹುಡುಗರು ಮುಗಿಬಿದ್ದರು. 2024ರ ಜನವರಿಯಲ್ಲಿ ಟೆಕ್ಕನ್ 8 ಬಿಡುಗಡೆ ಆಯಿತು. ಕೊರಿಯಾದಲ್ಲಿ ಅಂಗಡಿಗಳಿಗೆ ದೂರಿನ ಮೇಲೆ ದೂರು. ವಿಡಿಯೊ ಮೆಮೊರಿ ಸಾಲದು, ವಿಡಿಯೊ ಮೆಮೊರಿ ಸಾಲದು! ಫೋರ್ಟ್‌ನೈಟ್ ಆಡುವವರದೂ ಇದೇ ಗೋಳು. ದುಬಾರಿ ಕಾರ್ಡು ಹಾಕಿದವನಿಗೂ ಅದೇ ಪೆಟ್ಟಿಗೆ, ಅದೇ ಉಪದೇಶ. ಎಲ್ಲರ ಬೆರಳೂ ಗ್ರಾಫಿಕ್ಸ್ ಕಾರ್ಡಿನ ಕಡೆಗೆ.

ಈ ಆಟಗಳನ್ನೆಲ್ಲ ಕಟ್ಟಿದ್ದು ಅನ್‌ರಿಯಲ್ ಎಂಜಿನ್ ಎಂಬ ಸಲಕರಣೆಯ ಮೇಲೆ. (ಸಿನಿಮಾದವರಿಗೂ ಇದರ ಪರಿಚಯ ಉಂಟು. 2019ರಲ್ಲಿ ಬಂದ 'ದಿ ಮ್ಯಾಂಡಲೋರಿಯನ್' ಸರಣಿಗೆ ದೊಡ್ಡ ಎಲ್‌ಇಡಿ ಗೋಡೆಯ ಮೇಲೆ ಮರುಭೂಮಿ, ಗ್ರಹ, ಆಕಾಶ ಮೂಡಿಸಿದ್ದು ಇದೇ ಎಂಜಿನ್.) ಆಟದ ಸಾಮಾನುಗಳೆಲ್ಲ ಡಿಸ್ಕಿನಲ್ಲಿ ಒತ್ತಿ ಗಂಟು ಕಟ್ಟಿ ಇಟ್ಟಿರುತ್ತಾರೆ. ಆಟ ಶುರು ಆದಾಗ ಪ್ರೊಸೆಸರ್ ಆ ಗಂಟು ಬಿಚ್ಚಬೇಕು. ಬಿಚ್ಚುವ ಕೆಲಸದಲ್ಲಿ ಅದರ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುತ್ತವೆ. ಒಂದೇ ಒಂದು ಅಂಕಿ ತಪ್ಪಿದರೂ ಗಂಟು ಕೆಟ್ಟಿತು. ಕಾರ್ಡಿಗೆ ಹೋಗಬೇಕಾದ ಸಾಮಾನು ಹಾಳಾಗಿ ಕೂತಿತು. ಎಂಜಿನ್ ನೋಡುತ್ತೆ, ಕಾರ್ಡಿನ ಹತ್ತಿರ ಏನೋ ಎಡವಟ್ಟಾಗಿದೆ. ತನಗೆ ಗೊತ್ತಿರುವ ಒಂದೇ ಡೈಲಾಗು ಹೊಡೆಯುತ್ತೆ: ವಿಡಿಯೊ ಮೆಮೊರಿ ಸಾಲದು!

ಅಂದರೆ ತಪ್ಪು ಮಾಡಿದ್ದು ನಿರ್ದೇಶಕ, ಬೈಸಿಕೊಂಡದ್ದು ಛಾಯಾಗ್ರಾಹಕ. ಗಾಂಧಿನಗರದಲ್ಲಿ ಇದು ಹೊಸದೇನಲ್ಲ, ಬಿಡಿ.

ಗಂಟು ಬಿಚ್ಚುವ 'ಊಡಲ್' ಎಂಬ ತಂತ್ರಾಂಶ ಮಾಡಿದ ರ‍್ಯಾಡ್ ಗೇಮ್ ಟೂಲ್ಸ್‌ನವರೇ 2024ರ ಆರಂಭದಲ್ಲಿ ಬಾಯಿಬಿಟ್ಟರು, ದೋಷ ನಮ್ಮ ತಂತ್ರಾಂಶದ್ದಲ್ಲ, ಪ್ರೊಸೆಸರ್ ತಪ್ಪು ಲೆಕ್ಕ ಹಾಕ್ತಿದೆ ಅಂತ. ಆ ವರ್ಷದ ಏಪ್ರಿಲ್‌ನಲ್ಲಿ ಎನ್‌ವಿಡಿಯಾ ಕೂಡ ತನ್ನ ಗಿರಾಕಿಗಳಿಗೆ, 13 ಅಥವಾ 14ನೇ ತಲೆಮಾರಿನ ಇಂಟೆಲ್ ಇದ್ದು ಈ ಸಂದೇಶ ಬಂದರೆ ಇಂಟೆಲ್‌ನವರನ್ನು ಕೇಳಿ ಅಂದಿತು. ಜುಲೈನಲ್ಲಿ 'ಪಾತ್ ಆಫ್ ಟೈಟಾನ್ಸ್' ಎಂಬ ಡೈನೋಸಾರ್ ಆನ್‌ಲೈನ್ ಆಟದ ಆಲ್ಡೆರಾನ್ ಗೇಮ್ಸ್‌ನವರು ಬೇಸತ್ತು ತಮ್ಮ ಸರ್ವರ್‌ಗಳನ್ನೆಲ್ಲ ಎಎಂಡಿಗೆ ಬದಲಿಸ್ತೀವಿ ಅಂತ ಬಹಿರಂಗವಾಗಿ ಹೇಳಿಬಿಟ್ಟರು. ಅದೇ ತಿಂಗಳು ಇಂಟೆಲ್ ಒಪ್ಪಿಕೊಂಡಿತು.

ಒಪ್ಪಿಕೊಂಡದ್ದು ಏನನ್ನ? ಪ್ರೊಸೆಸರ್ ತನಗೆ ಎಷ್ಟು ವೋಲ್ಟೇಜ್ ಬೇಕು ಅಂತ ಮದರ್‌ಬೋರ್ಡನ್ನು ಕೇಳುತ್ತೆ. ಆ ಕೇಳುವ ಲೆಕ್ಕವೇ ತಪ್ಪಿತ್ತು. ಬೇಕಾದ್ದಕ್ಕಿಂತ ಹೆಚ್ಚು ಕೇಳುತ್ತಿತ್ತು. ಜೊತೆಗೆ ಕೆಲವು ಮದರ್‌ಬೋರ್ಡುಗಳೂ ಕೈಸಡಿಲ ಬಿಟ್ಟಿದ್ದವು. ಪರದೆ ಝಗಮಗಿಸಲಿ ಅಂತ ಕಾರ್ಬನ್‌ಗೆ ಕರೆಂಟ್ ಏರಿಸಿದ ಹಳೇ ಆಪರೇಟರ್ ಹಾಗೆ! ಒಂದು ವಾರ ಚಿತ್ರ ಚೆನ್ನಾಗಿ ಕಾಣುತ್ತೆ, ಆಮೇಲೆ ಕನ್ನಡಿ ಕಪ್ಪಾಗುತ್ತೆ. ಪ್ರೊಸೆಸರ್ ಒಳಗೆ ಎಲ್ಲರಿಗೂ ತಾಳ ಹಾಕಿಕೊಡುವ ಒಂದು ಸರ್ಕ್ಯೂಟ್ ಇದೆ. ಹೆಚ್ಚಿನ ವೋಲ್ಟೇಜು, ಶಾಖ ಎರಡೂ ಸೇರಿ ಅದಕ್ಕೆ ಅಕಾಲ ಮುಪ್ಪು ತಂದವು. ತಬಲದವನ ಕೈ ನಡುಗಿದರೆ ಗಾಯಕ ಏನು ಮಾಡಿಯಾನು? ಮೊದಲು ಕಡಿಮೆ ವೋಲ್ಟೇಜಿಗೆ ನೆಟ್ಟಗೆ ನಿಲ್ಲುತ್ತಿದ್ದ ಚಿಪ್ಪು ಈಗ ಅಷ್ಟರಲ್ಲಿ ನಿಲ್ಲಲಾರದು, ತಾಳ ತಪ್ಪುತ್ತೆ. ಅದಕ್ಕೇ ನಮ್ಮ ಅರಸೀಕೆರೆ ತಮ್ಮನಿಗೆ ಮೊದಲ ಆರು ತಿಂಗಳು ಏನೂ ಆಗಲಿಲ್ಲ, ಆಮೇಲೆ ವಾರಕ್ಕೊಂದು, ಆಮೇಲೆ ದಿನಕ್ಕೆ ಮೂರು. ಇದು ಮುಪ್ಪಿನ ಲಕ್ಷಣ. ಮೆಮೊರಿ ಸಾಲದೇ ಇದ್ದರೆ ಮೊದಲ ದಿನವೇ ಸಾಲುತ್ತಿರಲಿಲ್ಲ, ಅಲ್ಲವೇ?

ಇಂಟೆಲ್ 2024ರ ಆಗಸ್ಟ್‌ನಲ್ಲಿ 0ಎಕ್ಸ್129 ಎಂಬ ಮೈಕ್ರೊಕೋಡ್ ಬಿಟ್ಟು, ವೋಲ್ಟೇಜ್ ಬೇಡಿಕೆ 1.55 ದಾಟದಂತೆ ಬೇಲಿ ಹಾಕಿತು. ಸೆಪ್ಟೆಂಬರಿನಲ್ಲಿ ಮೂಲ ಕಾರಣ ಪೂರ್ತಿ ಹೇಳಿ 0ಎಕ್ಸ್12ಬಿ ಬಿಟ್ಟಿತು. 2025ರ ಮೇನಲ್ಲಿ 0ಎಕ್ಸ್12ಎಫ್ ಬಂತು. ಇವು ನಿಮ್ಮ ಪಿಸಿಗೆ ಸೇರೋದು ಮದರ್‌ಬೋರ್ಡಿನ ಬಯಾಸ್ ಅಪ್‌ಡೇಟ್ ಮೂಲಕ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ ಕೇಳಿ. ಈ ಔಷಧಿ ಆರೋಗ್ಯವಾಗಿರುವ ಚಿಪ್ಪನ್ನು ಕಾಪಾಡುತ್ತೆ, ಹಾಳಾದ ಚಿಪ್ಪನ್ನು ಎಬ್ಬಿಸೋದಿಲ್ಲ. ಹಾಳಾದದ್ದನ್ನು ಬದಲಾಯಿಸಿಯೇ ತೀರಬೇಕು.

ಬದಲಾಯಿಸೋಕೆ ದುಡ್ಡು? ಬೇಡ! ಪೆಟ್ಟಿಗೆಯಲ್ಲಿ ಮಾರಿದ ಈ ಪ್ರೊಸೆಸರ್‌ಗಳಿಗೆ ಮೂರು ವರ್ಷ ಇದ್ದ ವಾರಂಟಿಯನ್ನು ಇಂಟೆಲ್ 2024ರ ಆಗಸ್ಟ್‌ನಲ್ಲಿ ಎರಡು ವರ್ಷ ಹೆಚ್ಚಿಸಿ ಐದು ಮಾಡಿದೆ. 2022ರ ಡಿಸೆಂಬರಿನಲ್ಲಿ ಕೊಂಡವನಿಗೆ 2027ರ ಡಿಸೆಂಬರ್ ತನಕ. 2024ರ ಮಾರ್ಚಿನಲ್ಲಿ ಕೊಂಡವನಿಗೆ 2029ರ ಮಾರ್ಚ್ ತನಕ. ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಚಿಪ್ಪು ಸತ್ತಿದೆ, ವಾರಂಟಿ ಬದುಕಿದೆ, ಹುಡುಗ ಮಾತ್ರ ಸಾಲ ಮಾಡಿ ಹೊಸ ಕಾರ್ಡು ತರ್ತಾನೆ. ಹೊಟ್ಟೆ ಉರಿಯದೇ ಇರುತ್ತಾ?

ಯಾವ ಯಾವ ಚಿಪ್ಪು ಅಂತೀರಾ? ಡೆಸ್ಕ್‌ಟಾಪಿನ ಐ9, ಐ7, ಮತ್ತೆ ಐ5ನಲ್ಲಿ 13600ಕೆ, 14600ಕೆ. ಐ3 ಇರುವವರು ಕಾಲು ಚಾಚಿ ಮಲಗಿ. ಎಎಂಡಿಯವರಿಗೂ ಈ ಕಥೆಯಲ್ಲಿ ಪಾತ್ರವಿಲ್ಲ.

ನಮ್ಮ ತಮ್ಮನಿಗೆ ನಾನು ಬರೆದ ಉತ್ತರ ಇಷ್ಟು. ಮೊದಲು ದೊಡ್ಡದೊಂದು ಜಿಪ್ ಕಡತ ಬಿಚ್ಚಿ ನೋಡು. ಗ್ರಾಫಿಕ್ಸ್ ಡ್ರೈವರ್ ಇನ್‌ಸ್ಟಾಲ್ ಮಾಡಿ ನೋಡು. ಆಟದ ಗಂಧವೇ ಇಲ್ಲದ ಆ ಕೆಲಸದಲ್ಲೂ ತಪ್ಪು ಬಂದರೆ ಕಾರ್ಡಿನ ಮೇಲಿನ ಅನುಮಾನ ಬಿಟ್ಟುಬಿಡು. ಎರಡನೆಯದು, ಇಂಟೆಲ್‌ನದೇ ಎಕ್ಸ್‌ಟಿಯು ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತೆ. ಅದರಲ್ಲಿ ದೊಡ್ಡ ಕೋರ್‌ಗಳ ವೇಗ ಎರಡು ಮೆಟ್ಟಿಲು ಇಳಿಸು, 55 ಇದ್ದರೆ 53. ಬೇರೆ ಏನೂ ಮುಟ್ಟಬೇಡ. ನಾಲ್ಕು ದಿನ ಆಡು. ದಿನಕ್ಕೆ ಮೂರು ಸಲ ಬೀಳುತ್ತಿದ್ದ ಆಟ ನಾಲ್ಕು ದಿನ ಬೀಳಲಿಲ್ಲವೋ, ಅಪರಾಧಿ ಸಿಕ್ಕಿದ! ಅಲ್ಲಿಗೇ ಖುಷಿಪಟ್ಟು ಹಾಗೇ ಆಡಿಕೊಂಡು ಕೂರಬೇಡ. ಬಿಲ್ಲು ಹುಡುಕು. ಪ್ರೊಸೆಸರ್ ಪೆಟ್ಟಿಗೆ ಹುಡುಕು. ಅದರ ಸಂಖ್ಯೆ ಬರೆದುಕೊಂಡು ವಾರಂಟಿ ಕೇಳು. ಅಂಗಡಿಯವರು "ಆಗಲ್ಲ" ಅಂದರೆ ಇಂಟೆಲ್‌ಗೇ ನೇರ ಬರೆ. ಹೊಸ ಚಿಪ್ಪು ಹಾಕುವ *ಮುಂಚೆ* ಬಯಾಸ್ ಅಪ್‌ಡೇಟ್ ಆಗಿರಬೇಕು. ಇಲ್ಲದಿದ್ದರೆ ಹೊಸ ತಬಲದವನಿಗೂ ಹಳೇ ಗತಿಯೇ. ಬಯಾಸ್ ಮಾಡುವಾಗ ಯುಪಿಎಸ್ ಇಲ್ಲದೆ ಕೂರಬೇಡ. ನಿಮ್ಮೂರಿನ ಕರೆಂಟು ನನಗೂ ಗೊತ್ತು. ಅರ್ಧದಲ್ಲಿ ಹೋದರೆ ಮದರ್‌ಬೋರ್ಡು ಮೂಕಪ್ರೇಕ್ಷಕ.

ಈಗ ಉಳಿದವರು ಎದ್ದು ನಿಂತು "ಸಾರ್, ನಮ್ಮದು ಇಂಟೆಲ್ 13 ಅಲ್ಲ, ಆದ್ರೂ ಹ್ಯಾಂಗ್ ಆಗುತ್ತೆ" ಅಂತ ಕೂಗೋದು ಕೇಳಿಸ್ತಿದೆ. ನಿಜ. ಎಲ್ಲ ಸಾವಿಗೂ ಒಬ್ಬನೇ ಕಾರಣ ಅಲ್ಲ. ಹೇಗೆ ಬಿತ್ತು ಅಂತ ಮೊದಲು ನೋಡಿ.

ಆಟ ನಿಂತಿದೆ, ಆದರೆ ಗೆಳೆಯರ ಮಾತು ಹೆಡ್‌ಫೋನಿನಲ್ಲಿ ಕೇಳುತ್ತಲೇ ಇದೆ ಅಂದರೆ ಇಂಟರ್ನೆಟ್ ಬದುಕಿದೆ ಅಂತ ಅರ್ಥ, ದೋಷ ನಿಮ್ಮ ಡಬ್ಬಿಯಲ್ಲಿ ಅಥವಾ ಆಟದ ಸರ್ವರ್‌ನಲ್ಲಿ. ಮಾತೂ ನಿಂತು, ನಿಮ್ಮ ಆಳು ಮುಂದೆ ಓಡಿ ಮತ್ತೆ ರಬ್ಬರಿನ ಹಾಗೆ ಹಿಂದಕ್ಕೆ ಬಂದರೆ ಅದು ಲೈನಿನ ದೋಷ. ಪಿಸಿ ಬಿಚ್ಚಬೇಡಿ, ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ.

ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂದು, ಡಿಸ್‌ಪ್ಲೇ ಡ್ರೈವರ್ ನಿಂತುಹೋಗಿತ್ತು, ಸರಿಹೋಯಿತು ಅಂತ ವಿಂಡೋಸ್ ಹೇಳಿದರೆ ಕಾರ್ಡು ಎರಡು ಸೆಕೆಂಡು ಉತ್ತರ ಕೊಡಲಿಲ್ಲ ಅಂತ ಅರ್ಥ. ಎರಡೇ ಸೆಕೆಂಡು! ನಮ್ಮ ನಾಯಕ ಕನ್ನಡಕ ತೆಗೆಯೋಕೆ ಅದಕ್ಕಿಂತ ಹೆಚ್ಚು ಫ್ರೇಮ್ ತಗೋತಾನೆ. ಆಗ ಹಳೇ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿ. ಹೊಸ ಡ್ರೈವರ್ ಬಂದ ದಿನದಿಂದಲೇ ಶುರು ಆಗಿದ್ದರೆ ಹಳೆಯದಕ್ಕೇ ವಾಪಸ್ ಹೋಗಿ, ಅದರಲ್ಲಿ ಅವಮಾನ ಏನಿಲ್ಲ.

ಏನೂ ಹೇಳದೆ ಕೇಳದೆ ಪಿಸಿಯೇ ಫಟ್ ಅಂತ ಆರಿ ಮತ್ತೆ ಹೊತ್ತಿಕೊಂಡರೆ ನನ್ನ ಮೊದಲ ಅನುಮಾನ ಜನರೇಟರ್ ವ್ಯಾನಿನ ಮೇಲೆ. ಅಸೆಂಬಲ್ ಮಾಡಿಸುವಾಗ ಎಲ್ಲದರಲ್ಲೂ ಧಾರಾಳ ತೋರಿಸಿ ಎಸ್‌ಎಂಪಿಎಸ್‌ನಲ್ಲಿ ಮಾತ್ರ ಎರಡು ಸಾವಿರ ಉಳಿಸುವ ಬುದ್ಧಿ ನಮ್ಮವರಿಗೆ ಯಾಕೋ ಹೋಗೋದೇ ಇಲ್ಲ. ವಿಂಡೋಸ್ ದಾಖಲೆಯಲ್ಲಿ 'ಕರ್ನಲ್ ಪವರ್ 41' ಅಂತ ಬರೆದಿರುತ್ತೆ. ಅದನ್ನು ನೋಡಿ ಹೆದರಬೇಡಿ, "ಸರಿಯಾಗಿ ಮುಚ್ಚದೆ ಆರಿತು" ಅಂತ ಮಾತ್ರ ಅದರ ಅರ್ಥ. ಅಷ್ಟು ನಿಮಗೂ ಗೊತ್ತಿತ್ತಲ್ಲ!

ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಹಾಕಿದ್ದರೆ ಎರಡು ದಿನ ತೆಗೆದು ಆಡಿ. ಬಹಳ ಸಲ ಸೆಟ್ಟಿನ ಹುಡುಗರೇ ಎಡವಿರ್ತಾರೆ. ರಾಯಚೂರು, ಕಲಬುರಗಿ ಕಡೆಯ ತಮ್ಮಂದಿರು ಏಪ್ರಿಲ್‌ನಲ್ಲಿ ಪತ್ರ ಬರೆಯುವ ಮುಂಚೆ ಫ್ಯಾನಿನ ಧೂಳು ತೆಗೆಯಿರಿ.

ಇನ್ನು ಆಟವನ್ನೇ ಬೈಯುವವರಿಗೆ ಒಂದು ಉಪಕಥೆ. 2021ರ ಜುಲೈನಲ್ಲಿ ಅಮೆಜಾನ್‌ನ 'ನ್ಯೂ ವರ್ಲ್ಡ್' ಎಂಬ ಆನ್‌ಲೈನ್ ಆಟದ ಪರೀಕ್ಷಾ ಪ್ರದರ್ಶನ ನಡೆದಾಗ ಕೆಲವರ ಆರ್‌ಟಿಎಕ್ಸ್ 3090 ಕಾರ್ಡುಗಳು ಸತ್ತೇ ಹೋದವು. ಆಟದ ಮೆನುವಿನಲ್ಲಿ ಫ್ರೇಮ್‌ಗಳಿಗೆ ಕಡಿವಾಣ ಇರಲಿಲ್ಲ. ಆಟವೇ ಕೊಲೆಗಾರ ಅಂತ ಜನ ಕಲ್ಲು ಹೊಡೆದರು. ಸೆಪ್ಟೆಂಬರಿನಲ್ಲಿ ಕಾರ್ಡು ಮಾಡಿದ ಇವಿಜಿಎ ಕಂಪನಿಯೇ ಹೇಳಿತು: ಹಾಳಾಗಿ ಬಂದ 24 ಕಾರ್ಡುಗಳಲ್ಲಿ ಬೆಸುಗೆ ಸರಿಯಾಗಿರಲಿಲ್ಲ. ಬೆಸುಗೆ! ಆಟ ಬರೀ ಓಡಿಸಿತ್ತು, ಓಡಲಾಗದ ಕಾಲು ಮುರಿಯಿತು. ಇಲ್ಲಿ ಕಾರ್ಡೇ ಅಪರಾಧಿ, ಅಲ್ಲಿ ಕಾರ್ಡು ನಿರಪರಾಧಿ.

ಮುಂದೆ ನನಗೆ ಪತ್ರ ಬರೆಯುವವರು "ಹ್ಯಾಂಗ್ ಆಗುತ್ತೆ ಸಾರ್" ಅಂತ ಒಂದೇ ಸಾಲು ಬರೆಯಬೇಡಿ. ಸ್ಟಾರ್ಟ್ ಒತ್ತಿ ರಿಲಯಬಿಲಿಟಿ ಅಂತ ಟೈಪ್ ಮಾಡಿದರೆ ವಿಂಡೋಸ್ ಒಂದು ಡೈರಿ ತೋರಿಸುತ್ತೆ. ಯಾವ ದಿನ ಏನು ಬಿತ್ತು ಅಂತ ಕೆಂಪು ಗುರುತು ಇರುತ್ತೆ. ಮೊದಲ ಕೆಂಪು ಗುರುತು ಯಾವ ದಿನದ್ದು, ಅದಕ್ಕೆ ಹಿಂದಿನ ವಾರ ಏನು ಹೊಸದು ಹಾಕಿದಿರಿ, ಡಬ್ಬಿಯಲ್ಲಿ ಏನೇನಿದೆ, ಇಷ್ಟು ಬರೆಯಿರಿ. ಉತ್ತರ ಗ್ಯಾರಂಟಿ.

ಅರಸೀಕೆರೆ ತಮ್ಮಾ, ಕೊನೆಗೆ ನಿನಗೊಂದು ಎಚ್ಚರಿಕೆ ಬಾಕಿ ಇದೆ. ಪ್ರೊಸೆಸರ್ ಬಿಚ್ಚುವಾಗ ಅದರ ಕೆಳಗಿನ ಸಾಕೆಟ್ ಮುಟ್ಟಬೇಡ. ಅಲ್ಲಿ ಕೂದಲಿನಂಥ 1700 ಪಿನ್ನುಗಳಿವೆ. ಒಂದು ಬಾಗಿದರೂ ವಾರಂಟಿಯವರು ಮದರ್‌ಬೋರ್ಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಬೋರ್ಡಿನ ಜೊತೆ ಬಂದಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಮನೆಯಲ್ಲೇ ಎಲ್ಲೋ ಇರುತ್ತೆ, ಹುಡುಕಿ ಅದನ್ನು ಹಾಕಿಡು.

ಮುಂದಿನ ವಾರ ಮತ್ತೆ ಗಾಂಧಿನಗರ. ಒಬ್ಬ ನಾಯಕ ಮೂರು ಚಿತ್ರದ ಅಡ್ವಾನ್ಸ್ ತಗೊಂಡು ಮಾಯ ಆಗಿದ್ದಾನಂತೆ...